ದವಡೆ ನೋವು, ರಾತ್ರಿ ಗೊರಕೆ: ಎರಡನ್ನೂ ಒಟ್ಟಿಗೇ ತೋರಿಸಿ

ಪ್ರಶ್ನೆ: ನನಗೆ 43 ವರ್ಷ, ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಎರಡು ವರ್ಷದಿಂದ ಬಲಗಡೆ ಕಿವಿಯ ಮುಂದೆ ನೋವು. ಆಕಳಿಸಿದರೆ, ಖಡಕ್ ರೊಟ್ಟಿ ಅಗಿದರೆ ಒಳಗೆ ‘ಕಟ್’ ಎನ್ನುತ್ತದೆ. ಮೊದಲು ಕಿವಿನೋವೆಂದು ತೋರಿಸಿದೆ, ಕಿವಿ ಚೆನ್ನಾಗಿದೆ ಎಂದರು. ದಂತವೈದ್ಯರು ನೋಡಿ, ರಾತ್ರಿ ಹಲ್ಲು ಕಡಿಯುತ್ತೀರಿ ಎಂದು ಮೇಲಿನ ಹಲ್ಲಿಗೆ ನೈಟ್ ಗಾರ್ಡ್ ಮಾಡಿಸಿಕೊಟ್ಟರು. ಅದನ್ನು ಹಾಕಿಕೊಂಡ ಮೇಲೆ ಹಲ್ಲು ಜುಮ್ಮೆನ್ನುವುದು ತಗ್ಗಿದೆ, ಆದರೆ ಬೆಳಗಿನ ತಲೆನೋವು ಜಾಸ್ತಿಯಾಗಿದೆ. ಇನ್ನೊಂದು ವಿಷಯ ಬರೆಯಲು ನಾಚಿಕೆ. ನಾನು ಗೊರಕೆ ಹೊಡೆಯುತ್ತೇನೆ. ನಡುನಡುವೆ ಗೊರಕೆ ಥಟ್ಟನೆ ನಿಂತು, ಆಮೇಲೆ ಏದುಸಿರು ಬಿಟ್ಟು ಹೊರಳುತ್ತೇನೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಒಂದು ಮದುವೆಯಲ್ಲಿ ನೆಗೆಣ್ಣಿ ಇದನ್ನೇ ಎಲ್ಲರ ಮುಂದೆ ಆಡಿಕೊಂಡು ನಕ್ಕಳು. ಅಂದಿನಿಂದ ಬೇರೆಯವರ ಮನೆಯಲ್ಲಿ ಮಲಗುವುದನ್ನೇ ಬಿಟ್ಟಿದ್ದೇನೆ. ಮಧ್ಯಾಹ್ನ ಮಕ್ಕಳಿಗೆ ಉಕ್ತಲೇಖನ ಬರೆಸುವಾಗ ಜೋಂಪು ಹತ್ತುತ್ತದೆ. ನೋವಿಗೂ ನಿದ್ದೆಗೂ ಸೇರಿಸಿ ಒಬ್ಬರು ಒಂದು ಮಾತ್ರೆ ಬರೆದುಕೊಟ್ಟಿದ್ದಾರೆ. ಮತ್ತೊಬ್ಬರು, ಹಲ್ಲುಗಳನ್ನು ಸ್ವಲ್ಪ ಸ್ವಲ್ಪ ತೇಯ್ದು ‘ಬೈಟ್’, ಅಂದರೆ ಹಲ್ಲುಗಳು ಕೂಡುವ ರೀತಿ, ಸರಿಮಾಡಿದರೆ ದವಡೆಯೂ ಗೊರಕೆಯೂ ಎರಡೂ ವಾಸಿಯಾಗುತ್ತವೆ ಎನ್ನುತ್ತಾರೆ. ನಾನು ದಪ್ಪ ಇಲ್ಲ. ದವಡೆ ನೋವು, ಗೊರಕೆ ಎರಡೂ ಒಂದೇ ಕಾಯಿಲೆಯೇ? ಯಾರ ಬಳಿ ಹೋಗಲಿ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ತಂಗಿ, ನಾಚಿಕೆಪಟ್ಟುಕೊಂಡು ಬರೆದಿರಲ್ಲ, ಆ ಗೊರಕೆಯ ಸಾಲುಗಳೇ ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡವು. ಬಹುಶಃ ಕಿವಿ ಡಾಕ್ಟರಿಗಾಗಲಿ ದಂತವೈದ್ಯರಿಗಾಗಲಿ ನೀವು ಅದನ್ನು ಹೇಳಿರಲಾರಿರಿ. ಅವರೂ ಕೇಳಿರಲಾರರು. ದವಡೆ ನೋವೆಂದು ಬರುವವರನ್ನು ‘ರಾತ್ರಿ ಗೊರಕೆ ಹೊಡೆಯುತ್ತೀರಾ?’ ಎಂದು ಕೇಳುವ ರೂಢಿ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಗೊರಕೆಗೆಂದು ಬಂದವರ ಕಿವಿಯ ಮುಂದೆ ಬೆರಳಿಟ್ಟು ನೋಡುವವರೂ ಕಡಿಮೆ. ಹಾಗಾಗಿ ಒಬ್ಬರದೇ ದೇಹದ ಎರಡು ತೊಂದರೆಗಳು ಎರಡು ಬೇರೆ ಬೇರೆ ಫೈಲುಗಳಲ್ಲಿ ಉಳಿದುಬಿಡುತ್ತವೆ.

ನಿಮ್ಮ ಪ್ರಶ್ನೆಗೆ ಮೊದಲೇ ನೇರ ಉತ್ತರ ಕೊಡುತ್ತೇನೆ. ಇವು ಒಂದೇ ಕಾಯಿಲೆಯಲ್ಲ, ಆದರೆ ಒಂದಕ್ಕೊಂದು ನಂಟಿದೆ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ದವಡೆ ಕೀಲಿನ ತೊಂದರೆಯ ಜೊತೆಗೆ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವ ತೊಂದರೆ, ಇರುವ ಸಾಧ್ಯತೆ ಬಲವಾಗಿದೆ. ಪತ್ರ ಓದಿ ಇದನ್ನು ಖಚಿತವಾಗಿ ಹೇಳಲಾಗದು. ಒಂದು ರಾತ್ರಿಯ ನಿದ್ರೆ ಪರೀಕ್ಷೆ ಹೇಳುತ್ತದೆ. ಆ ಪರೀಕ್ಷೆ ಆಗುವವರೆಗೆ ಹಲ್ಲು ತೇಯಿಸಿಕೊಳ್ಳುವ ಮಾತಿಗೆ ಒಪ್ಪಬೇಡಿ.

ಕಿವಿಯ ಮುಂದೆ ಏನಿದೆ?

ಎರಡೂ ಕೈಯ ತೋರುಬೆರಳುಗಳನ್ನು ಕಿವಿಯ ತೂತಿನ ಮುಂದೆಯೇ ಇಟ್ಟು ಬಾಯಿ ನಿಧಾನವಾಗಿ ತೆರೆಯಿರಿ, ಮುಚ್ಚಿರಿ. ಬೆರಳ ಕೆಳಗೆ ಒಂದು ಗುಂಡನೆಯ ಎಲುಬು ಮೊದಲು ತಿರುಗಿ, ಆಮೇಲೆ ಮುಂದಕ್ಕೆ ಜಾರುವುದು ತಿಳಿಯುತ್ತದೆ. ಅದೇ ದವಡೆ ಕೀಲು. ಮೊಣಕಾಲು, ಮೊಣಕೈಗಳಂತೆ ಬರೀ ಮಡಚಿ ಬಿಚ್ಚುವ ಕೀಲಲ್ಲ ಇದು. ತಿರುಗುತ್ತದೆ, ಜಾರುತ್ತದೆ, ಎಡಬಲಕ್ಕೂ ಸರಿಯುತ್ತದೆ. ಕೆಳದವಡೆಯ ಈ ಗುಂಡು ತುದಿಗೂ ತಲೆಬುರುಡೆಯ ಕುಳಿಗೂ ನಡುವೆ ಒಂದು ತೆಳು ಮೆತ್ತೆ ಇರುತ್ತದೆ. ಅದು ಜಾಗದಿಂದ ಸ್ವಲ್ಪ ಮುಂದೆ ಸರಿದಿದ್ದರೆ, ಬಾಯಿ ತೆರೆಯುವಾಗ ಗುಂಡು ತುದಿ ಅದರ ಅಂಚನ್ನು ದಾಟಿ ಮೇಲೇರುತ್ತದೆ. ನೀವು ಕೇಳುವ ‘ಕಟ್’ ಶಬ್ದ ಸಾಮಾನ್ಯವಾಗಿ ಅದೇ.

ನೋವಿಲ್ಲದೆ ಬರೀ ಶಬ್ದವಿದ್ದರೆ ಹೆದರಬೇಕಿಲ್ಲ. ಎಷ್ಟೋ ಆರೋಗ್ಯವಂತರ ದವಡೆಯೂ ಸದ್ದು ಮಾಡುತ್ತದೆ. ನೋವು ಬರುವುದು ಹೆಚ್ಚಾಗಿ ಸ್ನಾಯುಗಳಿಂದ. ಹಲ್ಲು ಕಚ್ಚಿ ಹಿಡಿದರೆ ಕೆನ್ನೆಯಲ್ಲಿ ಉಬ್ಬುವ ದಪ್ಪ ಸ್ನಾಯು ಒಂದು, ಕಣತಲೆಯಲ್ಲಿ ಬೀಸಣಿಗೆಯಾಕಾರದಲ್ಲಿ ಹರಡಿರುವುದು ಇನ್ನೊಂದು. ಇವು ರಾತ್ರಿಯೆಲ್ಲ ಬಿಗಿದುಕೊಂಡಿದ್ದರೆ ಬೆಳಿಗ್ಗೆ ಎದ್ದಾಗ ಕಣತಲೆ ಸಿಡಿಯುತ್ತದೆ. ಅದು ತಲೆನೋವಿನಂತೆ ಕಾಣುತ್ತದೆ. ಕೀಲಿನ ನೋವು ಕಿವಿನೋವಿನಂತೆ ಕಾಣುತ್ತದೆ. ನೀವು ಮೊದಲು ಕಿವಿ ತೋರಿಸಿದ್ದರಲ್ಲಿ ಏನೂ ತಪ್ಪಿಲ್ಲ.

ಗಂಟಲಲ್ಲಿ ಏನು ನಡೆಯುತ್ತದೆ?

ಮೂಗಿನ ಹಿಂಭಾಗದಿಂದ ಧ್ವನಿಪೆಟ್ಟಿಗೆಯವರೆಗಿನ ದಾರಿಗೆ ಗಟ್ಟಿ ಗೋಡೆಯಿಲ್ಲ. ಎಚ್ಚರವಿದ್ದಾಗ ಸ್ನಾಯುಗಳು ಅದನ್ನು ತೆರೆದಿಡುತ್ತವೆ, ನಿದ್ದೆಯಲ್ಲಿ ಸಡಿಲವಾಗುತ್ತವೆ. ಎಳನೀರಿನಲ್ಲಿ ನೆನೆದು ಮೆತ್ತಗಾದ ಕಾಗದದ ಕೊಳವೆಯನ್ನು ಜೋರಾಗಿ ಹೀರಿದರೆ ಅದು ಒಳಗೇ ಅಂಟಿಕೊಳ್ಳುವಂತೆ, ಇಕ್ಕಟ್ಟಾದ ಗಂಟಲು ಉಸಿರೆಳೆದಾಗ ಮುಚ್ಚಿಕೊಳ್ಳುತ್ತದೆ. ಅರೆಮುಚ್ಚಿದಾಗ ಬರುವುದು ಗೊರಕೆ. ಪೂರ್ತಿ ಮುಚ್ಚಿದಾಗ ಸದ್ದೇ ಇಲ್ಲ. ನಿಮ್ಮ ಮನೆಯವರು ಹೇಳುವ ಆ ‘ಥಟ್ಟನೆ ನಿಲ್ಲುವುದು’ ಗೊರಕೆಗಿಂತ ಹೆಚ್ಚು ಗಮನಿಸಬೇಕಾದ ಲಕ್ಷಣ.

ಹೀಗೆ ಉಸಿರು 10 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ನಿಂತರೆ ಅದನ್ನು ಒಂದು ಅಪ್ನಿಯಾ ಎಂದು ಎಣಿಸುತ್ತಾರೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಾಗಿ ಕ್ಷಣಕಾಲ ಎಚ್ಚರಿಸುತ್ತದೆ, ಗಂಟಲು ತೆರೆಯುತ್ತದೆ, ಏದುಸಿರು ಬರುತ್ತದೆ, ಮತ್ತೆ ನಿದ್ದೆ. ಬೆಳಿಗ್ಗೆ ಇದಾವುದೂ ನೆನಪಿರುವುದಿಲ್ಲ. ಉಸಿರು ಪೂರ್ತಿ ನಿಂತದ್ದು, ತೀರಾ ಕಡಿಮೆಯಾದದ್ದು ಎರಡೂ ಸೇರಿ ಗಂಟೆಗೆ 5ರಿಂದ 15 ಸಲ ಆದರೆ ಸೌಮ್ಯ, 15ರಿಂದ 30 ಆದರೆ ಮಧ್ಯಮ, 30ಕ್ಕಿಂತ ಹೆಚ್ಚಾದರೆ ತೀವ್ರ. ವರ್ಷಗಟ್ಟಲೆ ಹೀಗೇ ನಡೆದರೆ ಬಿಪಿ ಏರುತ್ತದೆ, ಹೃದಯಕ್ಕೆ ಕಷ್ಟ, ಪಾರ್ಶ್ವವಾಯುವಿನ ಅಪಾಯವೂ ಹೆಚ್ಚುತ್ತದೆ. ವಾಹನ ಓಡಿಸುವಾಗ ಕಣ್ಣು ಮುಚ್ಚಿಹೋಗುವ ಭಯ ಬೇರೆ.

‘ನಾನು ದಪ್ಪ ಇಲ್ಲ’ ಎಂದಿದ್ದೀರಿ. ತೂಕ ದೊಡ್ಡ ಕಾರಣ ನಿಜ, ಆದರೆ ಒಂದೇ ಕಾರಣವಲ್ಲ. ಗಲ್ಲ ಚಿಕ್ಕದಿದ್ದು ಕೆಳದವಡೆ ಹಿಂದೆ ಸರಿದಿದ್ದರೆ, ಟಾನ್ಸಿಲ್ ದೊಡ್ಡದಿದ್ದರೆ, ಥೈರಾಯ್ಡ್ ಕಡಿಮೆಯಿದ್ದರೆ ತೆಳ್ಳಗಿನವರಿಗೂ ಬರುತ್ತದೆ. ಹೆಂಗಸರಲ್ಲಿ ಮುಟ್ಟು ನಿಲ್ಲುವ ವಯಸ್ಸು ಹತ್ತಿರವಾದಂತೆ ಅಪಾಯ ಏರುತ್ತದೆ. ಗಂಡಸರಲ್ಲಿ ದೊಡ್ಡ ಗೊರಕೆಯೇ ಸುಳಿವಾದರೆ, ಹೆಂಗಸರು ಅನೇಕ ವೇಳೆ ಬರುವುದು ‘ಬೆಳಗಿನ ತಲೆನೋವು, ನಿದ್ದೆ ಬಾರದು, ಸದಾ ಸುಸ್ತು’ ಎಂಬ ದೂರಿನೊಂದಿಗೆ. ಅದನ್ನು ಟೆನ್ಷನ್ ಎಂದು ಬದಿಗಿಡುವುದು ಸುಲಭ. ದೆಹಲಿಯ ಏಮ್ಸ್‌ನ ಸಂಶೋಧಕರು ಭಾರತದ ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಹಾಕಿದ ಅಂದಾಜಿನಂತೆ ದುಡಿಯುವ ವಯಸ್ಸಿನ ಸುಮಾರು 10.4 ಕೋಟಿ ಭಾರತೀಯರಿಗೆ ಈ ತೊಂದರೆಯಿದೆ. ಗಂಡಸರಲ್ಲಿ ನೂರಕ್ಕೆ 13, ಹೆಂಗಸರಲ್ಲಿ ನೂರಕ್ಕೆ 5 ಮಂದಿ. ನೀವು ಒಬ್ಬರೇ ಅಲ್ಲ.

ಎರಡೂ ಎಲ್ಲಿ ಕೂಡುತ್ತವೆ?

ಮೊದಲ ಕೊಂಡಿ ಎಲುಬಿನದು. ನಾಲಿಗೆಯ ಮುಖ್ಯ ಸ್ನಾಯು ಗಲ್ಲದ ಎಲುಬಿನ ಒಳಮೈಗೆ ಅಂಟಿಕೊಂಡಿದೆ. ಕೆಳದವಡೆ ಹಿಂದೆ ಸರಿದರೆ ನಾಲಿಗೆಯೂ ಹಿಂದೆ ಸರಿಯುತ್ತದೆ, ಉಸಿರಿನ ದಾರಿ ಇಕ್ಕಟ್ಟಾಗುತ್ತದೆ. ಸಂಧಿವಾತದಿಂದಲೋ ಇನ್ನಾವುದೋ ಕಾರಣದಿಂದಲೋ ಕೀಲಿನ ಗುಂಡು ತುದಿ ಸವೆದುಹೋದವರಲ್ಲಿ ಕೆಳದವಡೆ ಗಿಡ್ಡವಾಗಿ ಹಿಂದಕ್ಕೆ ಕೂರುತ್ತದೆ. ಇಲ್ಲಿ ಕೀಲಿನ ಕಾಯಿಲೆಯೇ ನೇರವಾಗಿ ಉಸಿರುಕಟ್ಟಿಗೆ ಕಾರಣ. ಆದರೆ ನಿಮ್ಮಂತೆ ಸ್ನಾಯು ನೋವು, ಸ್ವಲ್ಪ ಸದ್ದು ಇರುವ ಬಹುಪಾಲು ಜನರಿಗೆ ಇದು ಅನ್ವಯಿಸುವುದಿಲ್ಲ.

ಎರಡನೆಯದು ಹಲ್ಲು ಕಡಿಯುವುದು. ನಿದ್ದೆಯಲ್ಲಿ ಹಲ್ಲು ಕಡಿಯುವ ಮುಂಚೆ ಸಾಮಾನ್ಯವಾಗಿ ಮಿದುಳಿನಲ್ಲಿ ಒಂದು ಚಿಕ್ಕ ಎಚ್ಚರ ಮೂಡುತ್ತದೆ, ಹೃದಯ ಬಡಿತ ಏರುತ್ತದೆ, ಆಮೇಲೆ ದವಡೆಯ ಸ್ನಾಯುಗಳು ಬಿಗಿಯುತ್ತವೆ ಎಂದು ನಿದ್ರಾ ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಉಸಿರುಕಟ್ಟು ಇರುವವರಿಗೆ ರಾತ್ರಿಯಿಡೀ ಇಂಥ ಎಚ್ಚರಗಳೇ. ಹಾಗಾಗಿ ಕೆಲವರಲ್ಲಿ ಉಸಿರು ಕಟ್ಟಿದ ಬೆನ್ನಿಗೇ ಹಲ್ಲು ಕಡಿತ ಬರುತ್ತದೆ. ಎಲ್ಲರಲ್ಲೂ ಹಾಗಲ್ಲ. ಉಸಿರುಕಟ್ಟಿಲ್ಲದೆ ಹಲ್ಲು ಕಡಿಯುವವರು ಬೇಕಾದಷ್ಟು ಮಂದಿ ಇದ್ದಾರೆ.

ಮೂರನೆಯದು ನೋವಿನ ಅರಿವು. ನಿದ್ದೆ ಕೆಟ್ಟರೆ ನೋವನ್ನು ತಡೆದುಕೊಳ್ಳುವ ನರಮಂಡಲದ ಶಕ್ತಿ ಕುಗ್ಗುತ್ತದೆ. ನಿನ್ನೆ ಸಹಿಸಿದ ನೋವು ಇಂದು ಸಹಿಸಲಾಗದಂತಾಗುತ್ತದೆ. ನೋವು ಹೆಚ್ಚಿದರೆ ನಿದ್ದೆ ಮತ್ತೆ ಕೆಡುತ್ತದೆ. ಈ ಸುತ್ತು ಒಮ್ಮೆ ಶುರುವಾದರೆ ಕೀಲಿಗೆ ಎಷ್ಟು ಔಷಧ ಮಾಡಿದರೂ ಅರ್ಧ ಫಲ ಮಾತ್ರ.

ಇದಕ್ಕೆ ಆಧಾರವಿದೆಯೇ? ಇದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು ದವಡೆ ಕೀಲಿನ ನೋವಿದ್ದ 53 ಮಂದಿಯನ್ನು ನಿದ್ರಾ ಪ್ರಯೋಗಾಲಯದಲ್ಲಿ ಮಲಗಿಸಿ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ವರದಿಯಲ್ಲಿ ನೂರಕ್ಕೆ 28ರಷ್ಟು ಮಂದಿಗೆ ಉಸಿರುಕಟ್ಟು ಇತ್ತು. ನಿದ್ದೆ ಬಾರದ ತೊಂದರೆ ನೂರಕ್ಕೆ 36 ಮಂದಿಗಿತ್ತು. ‘ಒಪೆರಾ’ ಎಂಬ ಇನ್ನೂ ದೊಡ್ಡ ಅಮೆರಿಕನ್ ಅಧ್ಯಯನ ಬೇರೆ ದಾರಿ ಹಿಡಿಯಿತು. ದವಡೆ ನೋವೇ ಇಲ್ಲದ 18ರಿಂದ 44 ವಯಸ್ಸಿನ 2,604 ಜನರನ್ನು ಆರಿಸಿಕೊಂಡು ಕೆಲವು ವರ್ಷ ಹಿಂಬಾಲಿಸಿತು. ಶುರುವಿನಲ್ಲೇ ಉಸಿರುಕಟ್ಟಿನ ಎರಡು ಅಥವಾ ಹೆಚ್ಚು ಲಕ್ಷಣಗಳಿದ್ದವರಿಗೆ ಮುಂದೆ ಹೊಸದಾಗಿ ದವಡೆ ಕೀಲಿನ ತೊಂದರೆ ಬರುವ ಸಂಭವ ಉಳಿದವರಿಗಿಂತ ಶೇ. 73ರಷ್ಟು ಹೆಚ್ಚಿತ್ತು. 2013ರಲ್ಲಿ ಪ್ರಕಟವಾದ ಈ ಫಲಿತಾಂಶದ ಬೆಲೆ ಇರುವುದು ಕಾಲದ ಕ್ರಮದಲ್ಲಿ: ಮೊದಲು ನಿದ್ದೆಯ ತೊಂದರೆ ಇತ್ತು, ನೋವು ಆಮೇಲೆ ಬಂತು.

ಆದರೂ ಇದನ್ನು ಎಳೆದು ಹಿಗ್ಗಿಸಬಾರದು. ನಂಟು ಇದೆ ಎಂದ ಮಾತ್ರಕ್ಕೆ ಒಂದನ್ನು ವಾಸಿಮಾಡಿದರೆ ಇನ್ನೊಂದು ತಾನಾಗಿ ವಾಸಿಯಾಗುತ್ತದೆ ಎಂದಲ್ಲ. ಹಲ್ಲು ತೇಯ್ದು ಬೈಟ್ ಸರಿಮಾಡಿದರೆ ಗೊರಕೆ ನಿಲ್ಲುತ್ತದೆ ಎಂಬ ಭರವಸೆಗೆ ಯಾವ ಆಧಾರವೂ ಇಲ್ಲ. ತೇಯ್ದು ತೆಗೆದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ನೈಟ್ ಗಾರ್ಡ್ ಮತ್ತು ಆ ಮಾತ್ರೆ

ಗಾರ್ಡ್ ಹಾಕಿದ ಮೇಲೆ ತಲೆನೋವು ಹೆಚ್ಚಾಯಿತು ಎಂದು ಬರೆದಿದ್ದೀರಿ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಾರ್ಡ್ ಹಲ್ಲಿನ ಸವೆತ ತಪ್ಪಿಸುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಉಸಿರುಕಟ್ಟು ಇರುವ ಕೆಲವರಲ್ಲಿ ಅದು ಉಸಿರಾಟವನ್ನು ಇನ್ನಷ್ಟು ಕೆಡಿಸಬಹುದು. ಕೆನಡಾದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಅಧ್ಯಯನದಲ್ಲಿ ಉಸಿರುಕಟ್ಟಿದ್ದ 10 ಮಂದಿಗೆ ಮೇಲ್ದವಡೆಯ ಗಾರ್ಡ್ ಹಾಕಿ ನೋಡಿದಾಗ ಐವರಲ್ಲಿ ಉಸಿರು ಕಟ್ಟುವ ಲೆಕ್ಕ ಅರ್ಧಕ್ಕಿಂತಲೂ ಹೆಚ್ಚು ಏರಿತು. ಹತ್ತೇ ಜನರ ಅಧ್ಯಯನ, ಹಾಗಾಗಿ ಎಲ್ಲರಿಗೂ ಹೀಗೇ ಎಂದು ಹೇಳುವಂತಿಲ್ಲ. ಆದರೆ ಗಾರ್ಡ್ ಮಾಡಿಸುವ ಮುಂಚೆ ಗೊರಕೆಯ ಬಗ್ಗೆ ಕೇಳಲೇಬೇಕು ಎನ್ನಲು ಅಷ್ಟು ಸಾಕು.

ನಿಮ್ಮ ಗಾರ್ಡನ್ನು ಬಿಸಾಡಬೇಡಿ. ದಂತವೈದ್ಯರಿಗೆ ಫೋನ್ ಮಾಡಿ ಗೊರಕೆ, ಉಸಿರು ನಿಲ್ಲುವುದು, ಹೆಚ್ಚಾದ ತಲೆನೋವು ಮೂರನ್ನೂ ಹೇಳಿ. ನಿದ್ರೆ ಪರೀಕ್ಷೆಯವರೆಗೆ ಅದನ್ನು ನಿಲ್ಲಿಸಬಹುದೇ ಎಂದು ಕೇಳಿ. ಅವರು ಒಪ್ಪಿದರೆ ಮನೆಯಲ್ಲೇ ಒಂದು ಕೆಲಸ ಮಾಡಿ: ಗಾರ್ಡ್ ಹಾಕಿಕೊಂಡ ಒಂದು ರಾತ್ರಿ, ಹಾಕದ ಒಂದು ರಾತ್ರಿ ನಿಮ್ಮ ಮನೆಯವರು ಫೋನಿನಲ್ಲಿ ಗೊರಕೆಯನ್ನು ರೆಕಾರ್ಡ್ ಮಾಡಲಿ. ಗೊರಕೆ ನಿಂತಾಗಿನಿಂದ ಏದುಸಿರು ಬರುವವರೆಗೆ ಎಷ್ಟು ಸೆಕೆಂಡ್ ಎಂದು ಎಣಿಸಿ ಬರೆದಿಡಲಿ. ಇದು ಪರೀಕ್ಷೆಗೆ ಬದಲಿಯಲ್ಲ. ಆದರೆ ಡಾಕ್ಟರ ಮುಂದೆ ಆ ರೆಕಾರ್ಡಿಂಗ್ ಹಾಕಿ ಕೇಳಿಸಿದರೆ ಹತ್ತು ಮಾತಿನ ಕೆಲಸ ಮಾಡುತ್ತದೆ.

ಇನ್ನು ಮಾತ್ರೆ. ಅದರ ಹೆಸರು ನೀವು ಬರೆದಿಲ್ಲ. ದವಡೆ ನೋವಿಗೆ, ನಿದ್ದೆಗೆ ಎಂದು ಬರೆಯುವ ಅಲ್‌ಪ್ರಜೋಲಾಮ್, ಕ್ಲೋನಜೆಪಾಮ್ ಜಾತಿಯ ಮಾತ್ರೆಗಳು ಗಂಟಲಿನ ಸ್ನಾಯುಗಳನ್ನೂ ಸಡಿಲಗೊಳಿಸುತ್ತವೆ, ಉಸಿರು ಕಟ್ಟಿದಾಗ ಎಚ್ಚರವಾಗುವುದನ್ನೂ ತಡಮಾಡುತ್ತವೆ. ಟ್ರಮಡಾಲ್‌ನಂಥ ಬಲವಾದ ನೋವಿನ ಮಾತ್ರೆಗಳೂ ಉಸಿರಾಟವನ್ನು ತಗ್ಗಿಸಬಲ್ಲವು. ಮದ್ಯವೂ ಗಂಟಲನ್ನು ಹೀಗೇ ಸಡಿಲಿಸುತ್ತದೆ. ಚೀಟಿ ಹಿಡಿದುಕೊಂಡು ಬರೆದುಕೊಟ್ಟ ವೈದ್ಯರ ಬಳಿಗೇ ಹೋಗಿ, ‘ನನಗೆ ಉಸಿರುಕಟ್ಟು ಇರಬಹುದು, ಇದನ್ನು ಮುಂದುವರಿಸಲೇ?’ ಎಂದು ಕೇಳಿ. ದಿನವೂ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಈ ಮಾತ್ರೆಗಳನ್ನು ಹಂತಹಂತವಾಗಿ ಇಳಿಸಬೇಕಾಗುತ್ತದೆ.

ಯಾರ ಬಳಿ, ಯಾವ ಪರೀಕ್ಷೆಗೆ?

ಮೊದಲು ನಿದ್ದೆಯ ಪರೀಕ್ಷೆ. ಶ್ವಾಸಕೋಶ ತಜ್ಞರು, ಕಿವಿ-ಮೂಗು-ಗಂಟಲು ತಜ್ಞರು ಅಥವಾ ನರರೋಗ ತಜ್ಞರಲ್ಲಿ ನಿದ್ರೆಯ ಕಾಯಿಲೆಗಳನ್ನು ನೋಡುವವರು ಇರುತ್ತಾರೆ. ನಿಮಗೆ ಹುಬ್ಬಳ್ಳಿ, ದಾವಣಗೆರೆ ಎರಡೂ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನಿದ್ರೆಯ ತೊಂದರೆಗಳನ್ನು ನೋಡುತ್ತಾರೆ. ಹೋಗುವ ಮುಂಚೆ ಎಪ್‌ವರ್ತ್ ಎಂಬ ಪ್ರಶ್ನಾವಳಿಯ ಬಗ್ಗೆ ತಿಳಿದಿರಿ. ಆಸ್ಟ್ರೇಲಿಯಾದ ವೈದ್ಯ ಮರ್ರೆ ಜಾನ್ಸ್ 1991ರಲ್ಲಿ ರೂಪಿಸಿದ್ದು. ಓದುತ್ತ ಕುಳಿತಾಗ, ಟಿವಿ ನೋಡುವಾಗ, ಬಸ್ಸಿನಲ್ಲಿ ಕುಳಿತಾಗ, ಊಟವಾದ ಮೇಲೆ ಸುಮ್ಮನೆ ಕೂತಾಗ, ಹೀಗೆ ಎಂಟು ಸಂದರ್ಭಗಳಲ್ಲಿ ತೂಕಡಿಕೆ ಬರುವುದಕ್ಕೆ 0ಯಿಂದ 3ರವರೆಗೆ ಅಂಕ. ಒಟ್ಟು 24ಕ್ಕೆ 10ಕ್ಕಿಂತ ಹೆಚ್ಚು ಬಂದರೆ ಹಗಲಿನ ನಿದ್ದೆ ಮಿತಿಮೀರಿದೆ ಎಂದರ್ಥ. ಪಾಠ ಮಾಡುತ್ತಲೇ ಜೋಂಪು ಹತ್ತುವ ನಿಮಗೆ ಅಂಕ ಕಡಿಮೆ ಬರಲಾರದು.

ಆಸ್ಪತ್ರೆಯ ಪೂರ್ಣ ಪರೀಕ್ಷೆಯಲ್ಲಿ ಒಂದು ರಾತ್ರಿ ಅಲ್ಲೇ ಮಲಗಬೇಕು. ತಲೆಗೆ, ಕಣ್ಣಿನ ಪಕ್ಕ, ಗಲ್ಲಕ್ಕೆ, ಕಾಲಿಗೆ ತಂತಿಗಳು, ಎದೆಗೂ ಹೊಟ್ಟೆಗೂ ಪಟ್ಟಿ, ಮೂಗಿನ ಕೆಳಗೆ ಚಿಕ್ಕ ನಳಿಗೆ, ಬೆರಳಿಗೆ ಆಮ್ಲಜನಕದ ಕ್ಲಿಪ್. ಚುಚ್ಚುವುದೇನೂ ಇಲ್ಲ. ದವಡೆ ನೋವಿದೆ ಎಂದು ಮೊದಲೇ ಹೇಳಿದರೆ ಕೆನ್ನೆಯ ಸ್ನಾಯುವಿಗೂ ಒಂದು ತಂತಿ ಹಾಕಬಹುದು. ಆಗ ಹಲ್ಲು ಕಡಿತ ಉಸಿರು ಕಟ್ಟಿದ ಹೊತ್ತಿಗೇ ಬರುತ್ತದೋ ಬೇರೆಯಾಗಿ ಬರುತ್ತದೋ ಎಂಬುದೂ ತಿಳಿಯುತ್ತದೆ. ಮನೆಯಲ್ಲೇ ಮಾಡುವ ಚಿಕ್ಕ ಯಂತ್ರದ ಪರೀಕ್ಷೆಯೂ ಇದೆ. ಹೆಚ್ಚಿನವರಿಗೆ ಅದು ಸಾಕಾಗುತ್ತದೆ. ಆದರೆ ಅದರಲ್ಲಿ ತೊಂದರೆ ಕಾಣದಿದ್ದರೂ ಲಕ್ಷಣಗಳು ಜೋರಾಗಿದ್ದರೆ ಪೂರ್ಣ ಪರೀಕ್ಷೆ ಮಾಡಿಸಲೇಬೇಕು.

ದವಡೆಗೆ ಡೆಂಟಲ್ ಕಾಲೇಜಿನ ಓರಲ್ ಮೆಡಿಸಿನ್ ವಿಭಾಗಕ್ಕೆ ಹೋಗಿ. ಧಾರವಾಡದ ಸತ್ತೂರಿನಲ್ಲೂ ದಾವಣಗೆರೆಯಲ್ಲೂ ಡೆಂಟಲ್ ಕಾಲೇಜುಗಳಿವೆ. ಬಾಯಿ ಎಷ್ಟು ತೆರೆಯುತ್ತದೆ ಎಂದು ಅಳೆಯುತ್ತಾರೆ. ನಿಮ್ಮದೇ ಮೂರು ಬೆರಳು ನಿಲ್ಲಿಸಿ ಹಲ್ಲಿನ ನಡುವೆ ಹೋದರೆ ಸಾಮಾನ್ಯವಾಗಿ ಸಾಕಷ್ಟು ತೆರೆಯುತ್ತಿದೆ ಎಂದರ್ಥ. ಇಲ್ಲಿ ಒಂದು ಎಚ್ಚರಿಕೆ ನಿಮಗಿಂತ ಹೆಚ್ಚಾಗಿ ಈ ಅಂಕಣ ಓದುವ ಇತರರಿಗೆ: ಅಡಿಕೆ, ಗುಟ್ಕಾ ಹಾಕುವವರ ಬಾಯಿ ದಿನೇದಿನೇ ಕಡಿಮೆ ತೆರೆಯುತ್ತಿದ್ದು, ಖಾರ ತಿಂದರೆ ಉರಿಯುತ್ತಿದ್ದರೆ ಅದು ಕೀಲಿನ ತೊಂದರೆ ಆಗಿರಲಾರದು. ಕೆನ್ನೆಯ ಒಳಪದರ ಗಟ್ಟಿಯಾಗುವ, ಮುಂದೆ ಕ್ಯಾನ್ಸರಿಗೆ ತಿರುಗಬಲ್ಲ ಕಾಯಿಲೆ ಅದು. ತಕ್ಷಣ ತೋರಿಸಿ.

ಚಿಕಿತ್ಸೆಯ ಕ್ರಮ

ದವಡೆಗೆ ನಾಳೆಯಿಂದಲೇ ಶುರುಮಾಡಬಹುದಾದದ್ದು ಇದೆ. ಕೆಲವು ವಾರ ಖಡಕ್ ರೊಟ್ಟಿ, ಕಬ್ಬು, ಶೇಂಗಾ ಚಿಕ್ಕಿ, ಚಕ್ಕುಲಿ ಬಿಡಿ. ಬಿಸಿರೊಟ್ಟಿ ಮುದ್ದಿಪಲ್ಲೆ, ನುಚ್ಚು ಮಜ್ಜಿಗೆ, ಅನ್ನ ಸಾರು ಸಾಕು. ದಿನಕ್ಕೆರಡು ಸಲ ಹತ್ತು ಹದಿನೈದು ನಿಮಿಷ ಕೆನ್ನೆಗೆ ಬಿಸಿಬಟ್ಟೆಯ ಶಾಖ ಕೊಡಿ. ಆಕಳಿಕೆ ಬಂದಾಗ ಗಲ್ಲಕ್ಕೆ ಕೆಳಗಿನಿಂದ ಕೈ ಒತ್ತು ಕೊಡಿ. ಹಗಲಲ್ಲಿ ಆಗಾಗ ಗಮನಿಸಿ: ತುಟಿ ಮುಚ್ಚಿರಲಿ, ಮೇಲಿನ ಕೆಳಗಿನ ಹಲ್ಲು ಒಂದನ್ನೊಂದು ತಾಗದಿರಲಿ, ನಾಲಿಗೆ ಅಂಗುಳಕ್ಕೆ ಮೆಲ್ಲಗೆ ತಾಗಿರಲಿ. ಕಾಪಿ ತಿದ್ದುವಾಗ ಹಲ್ಲು ಕಚ್ಚಿ ಕೂರುವ ಅಭ್ಯಾಸ ಶಿಕ್ಷಕರಲ್ಲಿ ಬಹಳ. ದೀರ್ಘಕಾಲದ ದವಡೆ ನೋವಿನ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್ 2023ರಲ್ಲಿ ಪ್ರಕಟಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿ ಹೆಚ್ಚು ಒತ್ತು ಕೊಟ್ಟಿದ್ದು ಇಂಥವಕ್ಕೇ: ಫಿಸಿಯೋಥೆರಪಿಸ್ಟ್ ಕಲಿಸುವ ದವಡೆಯ ವ್ಯಾಯಾಮ, ಕುತ್ತಿಗೆ ಬೆನ್ನಿನ ಭಂಗಿ, ನೋವನ್ನು ನಿಭಾಯಿಸಲು ಕಲಿಸುವ ಆಪ್ತಸಮಾಲೋಚನೆ. ಮತ್ತೆ ಸರಿಪಡಿಸಲಾಗದ ಚಿಕಿತ್ಸೆಗಳು ಬೇಡವೆಂದೂ ಅದು ಹೇಳಿದೆ.

ಉಸಿರುಕಟ್ಟು ಮಧ್ಯಮ ಅಥವಾ ತೀವ್ರ ಎಂದು ಬಂದರೆ ಮೊದಲ ಚಿಕಿತ್ಸೆ ಸಿಪ್ಯಾಪ್ ಯಂತ್ರ. ಸಿಡ್ನಿಯ ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ಲೋಕಕ್ಕೆ ಪರಿಚಯಿಸಿದರು. ಮಾಸ್ಕಿನ ಮೂಲಕ ಬರುವ ಗಾಳಿಯ ಒತ್ತಡ ಗಂಟಲನ್ನು ತೆರೆದಿಡುತ್ತದೆ. ದವಡೆ ನೋವಿರುವವರು ಮಾಸ್ಕ್ ಆರಿಸುವಾಗ ಜಾಗ್ರತೆ ವಹಿಸಬೇಕು. ಬಾಯಿ ಮೂಗು ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕ್, ಗಲ್ಲಕ್ಕೆ ಕಟ್ಟುವ ಬಿಗಿಪಟ್ಟಿ ಕೆಳದವಡೆಯನ್ನು ಹಿಂದಕ್ಕೆ ಒತ್ತಿ ನೋವು ಹೆಚ್ಚಿಸಬಹುದು. ಮೂಗು ಕಟ್ಟುವ ತೊಂದರೆ ಇಲ್ಲದಿದ್ದರೆ ಮೂಗಿನ ಮಾಸ್ಕ್ ಕೇಳಿ ಹಾಕಿಸಿಕೊಳ್ಳಿ.

ಸೌಮ್ಯ ಅಥವಾ ಮಧ್ಯಮವಾಗಿದ್ದರೆ, ಇಲ್ಲವೇ ಯಂತ್ರ ಒಗ್ಗದಿದ್ದರೆ, ಕೆಳದವಡೆಯನ್ನು ಮುಂದೆ ಹಿಡಿದಿಡುವ ಬಾಯಿಯ ಸಾಧನವಿದೆ. ನೋಡಲು ನೈಟ್ ಗಾರ್ಡಿನಂತಿದ್ದರೂ ಕೆಲಸ ಬೇರೆ. ಗಾರ್ಡ್ ಹಲ್ಲುಗಳ ನಡುವೆ ಕೂರುತ್ತದಷ್ಟೆ, ಇದು ದವಡೆಯನ್ನೂ ಅದರೊಂದಿಗೆ ನಾಲಿಗೆಯನ್ನೂ ಮುಂದೆ ತರುತ್ತದೆ. ಕೀಲಿನ ಮೇಲೆ ಭಾರ ಬೀಳುವುದೂ ಇಲ್ಲೇ. ಮೊದಲ ವಾರಗಳಲ್ಲಿ ದವಡೆ ನೋಯುವುದು ಸಾಮಾನ್ಯ, ಬಹುತೇಕರಲ್ಲಿ ಅದು ತಗ್ಗುತ್ತದೆ. ವರ್ಷಗಟ್ಟಲೆ ಬಳಸಿದರೆ ಹಲ್ಲುಗಳು ಕೂಡುವ ರೀತಿ ತುಸು ಬದಲಾಗಬಹುದು. ಕೀಲು ಕೆರಳಿ ನೋಯುತ್ತಿರುವಾಗ ಇದನ್ನು ಹಾಕುವುದು ಸರಿಯಲ್ಲ. ಮೊದಲು ನೋವು ತಗ್ಗಿಸಿ, ಆಮೇಲೆ ನಿಮ್ಮ ಹಲ್ಲಿನ ಅಚ್ಚು ತೆಗೆದು ಮಾಡಿದ, ಸ್ವಲ್ಪ ಸ್ವಲ್ಪವೇ ಮುಂದೆ ಸರಿಸಬಹುದಾದ ಸಾಧನವನ್ನು ತರಬೇತಿ ಇರುವ ದಂತವೈದ್ಯರಿಂದಲೇ ಪಡೆಯಬೇಕು. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕಚ್ಚಿಕೊಳ್ಳುವ ಆನ್‌ಲೈನ್ ಸಾಧನಗಳನ್ನು ನೋಯುವ ದವಡೆಗೆ ಹಾಕಬೇಡಿ. ಸಾಧನ ಹೊಂದಿಕೊಂಡ ಮೇಲೆ ಮತ್ತೊಮ್ಮೆ ನಿದ್ರೆ ಪರೀಕ್ಷೆ ಮಾಡಿಸಿ. ಗೊರಕೆ ನಿಂತಿತೆಂದರೆ ಉಸಿರುಕಟ್ಟೂ ನಿಂತಿತೆಂದು ಅರ್ಥವಲ್ಲ.

ಇವುಗಳ ಜೊತೆಗೆ ಪಕ್ಕಕ್ಕೆ ತಿರುಗಿ ಮಲಗುವುದು, ಮೂಗು ಕಟ್ಟಿದ್ದರೆ ಅದಕ್ಕೆ ಔಷಧ, ಥೈರಾಯ್ಡ್ ಪರೀಕ್ಷೆ. ತೂಕ ಹೆಚ್ಚಿರುವವರಿಗೆ ಒಂದು ಮಾತು: ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕದಂತೆ, ತೂಕ ಶೇ. 10 ಇಳಿದರೆ ಉಸಿರು ಕಟ್ಟುವ ಲೆಕ್ಕ ಸುಮಾರು ಶೇ. 26 ಇಳಿಯುತ್ತದೆ.

ತಡಮಾಡಬಾರದ ಲಕ್ಷಣಗಳು

ಬಾಯಿ ತೆರೆದು ಹಾಗೆಯೇ ಸಿಕ್ಕಿಕೊಂಡರೆ ಅಥವಾ ಇದ್ದಕ್ಕಿದ್ದಂತೆ ಒಂದು ಬೆರಳಷ್ಟೂ ತೆರೆಯದಂತಾದರೆ, ಕೆನ್ನೆ ಊದಿ ಜ್ವರ ಬಂದರೆ, ಮುಖದ ಒಂದು ಕಡೆ ಜೋಮು ಹಿಡಿದರೆ ಅಂದೇ ತೋರಿಸಿ. ನಡೆದಾಗ, ಮೆಟ್ಟಿಲು ಹತ್ತಿದಾಗ ದವಡೆ ನೋವು ಬಂದು ಕೂತರೆ ತಗ್ಗುತ್ತಿದ್ದರೆ, ಅಥವಾ ದವಡೆ ನೋವಿನ ಜೊತೆ ಎದೆಭಾರ, ಬೆವರು ಇದ್ದರೆ ಅದು ಹೃದಯದ್ದಾಗಿರಬಹುದು. ನೇರ ಆಸ್ಪತ್ರೆಗೆ ಹೋಗಿ. 50 ದಾಟಿದವರಿಗೆ ಹೊಸದಾಗಿ ಕಣತಲೆ ನೋವು, ಅಗಿಯುವಾಗ ದವಡೆ ಸೋಲುವುದು, ಕಣ್ಣು ಮಂಜಾಗುವುದು ಕಂಡರೆ ರಕ್ತನಾಳದ ಉರಿಯೂತವಿರಬಹುದು. ತಡವಾದರೆ ದೃಷ್ಟಿಯೇ ಹೋಗಬಹುದು. ಸ್ಕೂಟರ್ ಓಡಿಸುವಾಗ ಜೋಂಪು ಬರುತ್ತಿದ್ದರೆ ಚಿಕಿತ್ಸೆ ಆಗುವವರೆಗೆ ಬಸ್ಸಿನಲ್ಲೇ ಶಾಲೆಗೆ ಹೋಗಿ.

ನೀವು ಮಕ್ಕಳ ನಡುವೆ ಇರುವವರು, ಅದಕ್ಕೇ ಇದೊಂದು ಮಾತು. ಮಕ್ಕಳು ಬಿದ್ದು ಗಲ್ಲ ಒಡೆದುಕೊಂಡಾಗ ಚರ್ಮಕ್ಕೆ ಹೊಲಿಗೆ ಹಾಕಿಸಿ ಮರೆತುಬಿಡುತ್ತೇವೆ. ಗಲ್ಲಕ್ಕೆ ಬಿದ್ದ ಪೆಟ್ಟು ನೇರವಾಗಿ ಕೀಲಿಗೆ ತಲುಪುತ್ತದೆ. ಒಳಗೆ ಮುರಿದದ್ದು ಗೊತ್ತಾಗದೆ ಹೋದರೆ, ಕಿವಿ ಸೋರುವ ಕೀವು ಕೀಲಿಗೆ ಹಬ್ಬಿದರೆ, ಕೀಲು ಎಲುಬಿನಂತೆ ಬೆಸೆದುಕೊಂಡು ಬಾಯಿ ತೆರೆಯದಂತಾಗಬಹುದು. ಆಮೇಲೆ ದವಡೆ ಬೆಳೆಯುವುದಿಲ್ಲ. ಗಲ್ಲ ಒಳಕ್ಕೆ ಸರಿದ ಅಂಥ ಮಕ್ಕಳಲ್ಲಿ ಉಸಿರುಕಟ್ಟು ತೀವ್ರವಾಗಿರುತ್ತದೆ. ಕೂತಲ್ಲೇ ನಿದ್ದೆ ಹೋಗುತ್ತಾರೆ, ಬೆಳವಣಿಗೆ ಕುಂಠಿತವಾಗುತ್ತದೆ. ಇಂಥವರಲ್ಲಿ ಕೀಲು ಬಿಡಿಸುವ ಶಸ್ತ್ರಚಿಕಿತ್ಸೆಗೆ ಮುಂಚೆ ನಿದ್ರೆ ಪರೀಕ್ಷೆ ಮಾಡಿಸಿ, ಅಗತ್ಯವಿದ್ದರೆ ದವಡೆಯನ್ನು ಉದ್ದ ಮಾಡಿ ಉಸಿರಿನ ದಾರಿಯನ್ನು ಮೊದಲು ತೆರೆಯುವ ಪದ್ಧತಿ ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲಿದೆ. ಗಲ್ಲಕ್ಕೆ ಪೆಟ್ಟಾದ ಮಗು ಬಾಯಿ ಸರಿಯಾಗಿ ತೆರೆಯುತ್ತಿಲ್ಲ ಎನಿಸಿದರೆ ಪಾಲಕರನ್ನು ಕರೆದು ಎಕ್ಸ್‌-ರೇ ಮಾಡಿಸಲು ಹೇಳಿ.

ಕೊನೆಯದಾಗಿ, ನಿಮ್ಮ ನಾಚಿಕೆಯ ವಿಷಯ. ಗೊರಕೆ ನಡತೆಯ ದೋಷವಲ್ಲ, ಹೆಣ್ಣಿನ ಅಂದಕ್ಕೆ ಬಂದ ಕುಂದೂ ಅಲ್ಲ. ಉಸಿರಿನ ದಾರಿ ಇಕ್ಕಟ್ಟಾದಾಗ ಬರುವ ಸದ್ದು ಅದು. ಮಂದಿ ನಗುವರೆಂದು ಹೆಂಗಸರು ಬಚ್ಚಿಟ್ಟಷ್ಟು ಕಾಲ ಕಾಯಿಲೆ ಒಳಗೇ ಬೆಳೆಯುತ್ತದೆ. ನಿಮ್ಮ ಮನೆಯವರಿಗೂ ನನ್ನದೊಂದು ಕೋರಿಕೆ: ಮಡದಿಯ ಉಸಿರು ನಿಲ್ಲುವುದನ್ನು ಕಂಡ ಸಾಕ್ಷಿ ನೀವೊಬ್ಬರೇ, ದಯವಿಟ್ಟು ಅವರ ಜೊತೆ ಆಸ್ಪತ್ರೆಗೆ ಹೋಗಿ, ಕಂಡದ್ದನ್ನು ನೀವೇ ವೈದ್ಯರಿಗೆ ಹೇಳಿ. ತಂಗಿ, ದವಡೆಯ ವೈದ್ಯರಿಗೆ ನಿದ್ರೆಯ ವರದಿ ತೋರಿಸಿ, ನಿದ್ರೆಯ ವೈದ್ಯರಿಗೆ ದವಡೆಯ ನೋವು ಹೇಳಿ. ಎರಡಕ್ಕೂ ಚಿಕಿತ್ಸೆಯಿದೆ. ಈ ತಿಂಗಳೊಳಗೆ ನಿದ್ರೆ ಪರೀಕ್ಷೆಗೆ ದಿನ ಗೊತ್ತುಮಾಡಿಕೊಳ್ಳಿ.